ಪೈಲಟ್ ಭಾವನ ಬಸ್ಸು

ನಮ್ಮ ಭಾವ ವಿಮಾನ ನಿಲ್ದಾಣದ ಬಸ್ಸಿನ ಡ್ರೈವರ್. ಡಿಪೋದಲ್ಲಿ ಅವರಿಗೆ ಪೈಲಟ್ ಎಂದು ಹೆಸರು. ಯಾರೋ ಗೇಲಿಗೆಂದು ಇಟ್ಟ ಹೆಸರದು. ಭಾವ ಅದನ್ನು ಬಿರುದು ಎಂದು ಸ್ವೀಕರಿಸಿಬಿಟ್ಟದ್ದರಿಂದ ಗೇಲಿ ಮಾಡಿದವರೇ ಪೆಚ್ಚಾದರು. ಮೊದಲು ಕಪ್ಪು ಕನ್ನಡಕ ಬಂತು. ಆಮೇಲೆ ಭುಜದ ಮೇಲೆ ಪಟ್ಟಿಯಿರುವ ಬಿಳಿ ಅಂಗಿ ಬೇಕೆಂದು ನನ್ನ ಅಂಗಡಿಗೆ ಬಂದರು. ನಾನು ದರ್ಜಿ. ಅಳತೆ ಕೊಟ್ಟವರಿಗೆ ಹೊಲಿದುಕೊಡುವುದು ನನ್ನ ಕೆಲಸ, ಬುದ್ಧಿ ಹೇಳುವುದಲ್ಲ. ಹೊಲಿದುಕೊಟ್ಟೆ. ಅದನ್ನು ತೊಟ್ಟು ಅವರು ಬಸ್ಸು ಹೊರಡುವ ಮುನ್ನ ಎದ್ದು ನಿಂತು, ಪ್ರಯಾಣಿಕರತ್ತ ತಿರುಗಿ, ಹೊರಗಿನ ಹವೆ ಹೇಗಿದೆ, ದಾರಿಯಲ್ಲಿ ಎಲ್ಲೆಲ್ಲಿ ಕುಲುಕಾಟವಿರುತ್ತದೆ ಎಂದು ಗಂಭೀರವಾಗಿ ಪ್ರಕಟಣೆ ಕೊಡುತ್ತಿದ್ದರು. ಕುಲುಕಾಟದ ವಿಷಯದಲ್ಲಿ ಅವರ ಮಾತು ಒಮ್ಮೆಯೂ ಸುಳ್ಳಾಗಲಿಲ್ಲ, ರಸ್ತೆ ಹಾಗಿತ್ತು.

ಇಂಥ ಪೈಲಟ್ ಒಮ್ಮೆಯೂ ವಿಮಾನ ಹತ್ತಿದವರಲ್ಲ. ನಮ್ಮ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ನಮ್ಮೂರ ವಿಮಾನ ನಿಲ್ದಾಣದ ಚರಿತ್ರೆಯನ್ನು ಹೊಸ ಕಟ್ಟಡದ ಗೋಡೆಯ ಮೇಲೆ ಫೋಟೋಗಳ ಸಮೇತ ಬರೆದು ಹಾಕಿದ್ದಾರೆ. ಅದನ್ನು ಓದಿದರೆ ಎಲ್ಲವೂ ಮಹಾ ದೂರದೃಷ್ಟಿಯಿಂದ ನಡೆದಂತೆ ಕಾಣುತ್ತದೆ. ನಾನು ಹಿರಿಯರ ಬಾಯಿಂದ ಕೇಳಿದ್ದೇ ಬೇರೆ. ಮೊದಲು ಅದು ಇಟ್ಟಿಗೆ ಗೂಡುಗಳ ಪಕ್ಕದ ಹುಲ್ಲುಗಾವಲು. ಒಬ್ಬ ಸಿರಿವಂತನಿಗೆ ವಿಮಾನದ ಹುಚ್ಚು ಹತ್ತಿ ಪುಟ್ಟದೊಂದು ವಿಮಾನ ತರಿಸಿದನಂತೆ. ಅದು ಇಳಿಯುವಾಗಲೆಲ್ಲ ಹಸುಗಳನ್ನು ಅತ್ತ ಅಟ್ಟಲು ಒಬ್ಬ ಆಳನ್ನು ಇಟ್ಟಿದ್ದ. ನನ್ನ ಲೆಕ್ಕದಲ್ಲಿ ಆ ಆಳೇ ನಮ್ಮೂರಿನ ಮೊದಲ ವಿಮಾನ ನಿಲ್ದಾಣಾಧಿಕಾರಿ, ಆದರೆ ಗೋಡೆಯ ಮೇಲೆ ಅವನ ಫೋಟೋ ಇಲ್ಲ. ಆಮೇಲೆ ಯುದ್ಧ ಬಂತು, ಸೈನ್ಯದವರು ಹುಲ್ಲು ಕಿತ್ತು ಡಾಂಬರು ಹಾಕಿದರು. ಯುದ್ಧ ಮುಗಿದ ಮೇಲೆ ಡಾಂಬರು ಉಳಿಯಿತು. ಡಾಂಬರು ಇದ್ದಮೇಲೆ ಸುಮ್ಮನೆ ಕೂರಲಾದೀತೇ ಎಂದು ಪಕ್ಕದಲ್ಲೊಂದು ತಗಡಿನ ಶೆಡ್ಡು ಎಬ್ಬಿಸಿ ವಿಮಾನ ನಿಲ್ದಾಣ ಎಂದು ಬೋರ್ಡು ತೂಗುಹಾಕಿದರು. ಪೆಟ್ಟಿಗೆ ತೂಗುವ ತಕ್ಕಡಿಯ ಮೇಲೆ ಪ್ರಯಾಣಿಕರನ್ನೂ ನಿಲ್ಲಿಸಿ ತೂಗುತ್ತಿದ್ದ ಕಾಲವದು. ಮೈ ಬಂದವರು ಎಲ್ಲರೆದುರು ಮುಖ ಕೆಂಪಗೆ ಮಾಡಿಕೊಂಡು ಇಳಿಯುತ್ತಿದ್ದರಂತೆ.

ಅಲ್ಲಿಗೆ ಹೋಗುವುದು ಹೇಗೆ ಎಂಬುದು ಮಾತ್ರ ಯಾರ ತಲೆಗೂ ಹೊಳೆದಿರಲಿಲ್ಲ. ವಿಮಾನದಲ್ಲಿ ಹೋಗುವವರ ಮನೆಯಲ್ಲಿ ಕಾರು ಇದ್ದೇ ಇರುತ್ತದೆ ಎಂದು ದೊಡ್ಡವರ ನಂಬಿಕೆ. ವಿಮಾನ ಕಂಪನಿಯ ವ್ಯಾನೊಂದು ಪೇಟೆಯ ಕಚೇರಿಯಿಂದ ಹೊರಡುತ್ತಿತ್ತು. ಅದು ನಡುದಾರಿಯಲ್ಲಿ ಕೆಟ್ಟು ನಿಂತ ದಿನ ಅಲ್ಲಿ ವಿಮಾನವೂ ಅದರ ದಾರಿ ಕಾಯುತ್ತಿತ್ತು. ಬಹಳ ವರ್ಷಗಳ ಮೇಲೆ ನಗರದ ಬಸ್ಸು ಅಲ್ಲಿಯವರೆಗೆ ಬಂತು. ಆ ಬಸ್ಸಿಗೆ ಭಾವ ಡ್ರೈವರಾಗಿ ಸೇರಿದ್ದು ಅವರಿಗೂ ನಮ್ಮಕ್ಕನಿಗೂ ಮದುವೆಯಾದ ವರ್ಷ.

ಅಷ್ಟು ಹೊತ್ತಿಗೆ ಊರು ಬೆಳೆದು ನಿಲ್ದಾಣದ ಬೇಲಿಗೆ ಬಂದು ಮುಟ್ಟಿತ್ತು. ವಿಮಾನಗಳು ತಾರಸಿಯ ಮೇಲೆ ಒಣಗಹಾಕಿದ ಬಟ್ಟೆಗಳನ್ನು ಸವರಿಕೊಂಡೇ ಹೋಗುತ್ತವೇನೋ ಎನ್ನುವ ಹಾಗೆ ಹಾರುತ್ತಿದ್ದವು. ಶಬ್ದದಿಂದ ನಿದ್ದೆಗೆಟ್ಟಿದೆ ಎಂದು ಜನ ಗಲಾಟೆ ಮಾಡಿದರು. ವಿಮಾನ ನಿಲ್ದಾಣ ಹತ್ತಿರವಿದೆ ಎಂದೇ ಅಲ್ಲಿ ಮನೆ ಕಟ್ಟಿದ ಜನ ಅವರು. ಸರ್ಕಾರ ಅಪರೂಪಕ್ಕೆ ಜನರ ಮಾತು ಕೇಳಿ, ನಿಲ್ದಾಣವನ್ನು ಊರಾಚೆಯ ಬಂಡೆಗಾಡಿಗೆ ಎತ್ತಿ ಒಗೆಯಿತು. ಎಷ್ಟು ದೂರವೆಂದರೆ ಅಲ್ಲಿಗೆ ಹೋಗಲು ಇನ್ನೊಂದು ವಿಮಾನ ಬೇಕು. ಹಳೆಯ ವಿಮಾನ ನಿಲ್ದಾಣ ರಸ್ತೆಗೆ ಹಳೆಯ ಹೆಸರೇ ಉಳಿಯಿತು. ಹೆಸರು ಬದಲಿಸಲು ನೇಮಿಸಿದ ಸಮಿತಿ ಇನ್ನೂ ಸಭೆ ಸೇರುತ್ತಿದೆ. ಹೊರಗಿನಿಂದ ಬಂದವರು ಬೋರ್ಡು ನಂಬಿಕೊಂಡು ಆ ರಸ್ತೆ ಹಿಡಿದು ಹೋಗಿ, ಕೊನೆಗೆ ಪೀಠೋಪಕರಣದ ಒಂದು ಗೋದಾಮಿನ ಮುಂದೆ ಪೆಟ್ಟಿಗೆ ಹಿಡಿದು ನಿಲ್ಲುತ್ತಾರೆ. ಗೋದಾಮಿನ ಕಾವಲುಗಾರನಿಗೆ ಅವರಿಗೆ ದಾರಿ ಹೇಳಿ ಹೇಳಿ ಗಂಟಲು ಬಿದ್ದುಹೋಗಿದೆ.

ಹೊಸ ನಿಲ್ದಾಣಕ್ಕೆ ರೈಲು ಬರುತ್ತದೆ ಎಂದರು. ಒಬ್ಬ ಮಂತ್ರಿ ಶಂಕುಸ್ಥಾಪನೆ ಮಾಡಿದ. ಅವನ ಪಕ್ಷ ಸೋತು ಇನ್ನೊಬ್ಬ ಬಂದು, ಅದೇ ಕಲ್ಲನ್ನು ಸ್ವಲ್ಪ ಆಚೆ ನೆಟ್ಟು ಮತ್ತೊಮ್ಮೆ ಶಂಕುಸ್ಥಾಪನೆ ಮಾಡಿದ. ಕಂಬಗಳು ಎದ್ದವು, ಕಂಬಗಳಿಗೆ ಟ್ಯೂಷನ್ ಕ್ಲಾಸಿನ ಭಿತ್ತಿಪತ್ರ ಅಂಟಿಕೊಂಡವು, ಭಿತ್ತಿಪತ್ರ ನೋಡಿ ಟ್ಯೂಷನ್‌ಗೆ ಸೇರಿದ ಮಕ್ಕಳು ದೊಡ್ಡವರಾದರು. ಅಂತೂ ರೈಲು ಓಡಿತು. ಆದರೆ ರೈಲಿನವರಿಗೂ ವಿಮಾನದವರಿಗೂ ನಡುವಿನ ಗೋಡೆ ಯಾರದೆಂದು ಜಗಳ ಬಿದ್ದದ್ದರಿಂದ ರೈಲು ನಿಲ್ದಾಣ ಗೋಡೆಯ ಆಚೆಯೇ ನಿಂತುಬಿಟ್ಟಿತು. ಅಲ್ಲಿಂದ ಒಳಗೆ ಹೋಗಲು ಪುಟ್ಟ ಬಸ್ಸೊಂದನ್ನು ಇಟ್ಟರು. ಇದನ್ನು ಕೇಳಿದ ಭಾವ ಊಟ ಮಾಡುವಾಗಲೂ ಒಬ್ಬರೇ ನಗುತ್ತಿದ್ದರು. ರೈಲು ಬಂದರೆ ತಮ್ಮ ಬಸ್ಸು ಮೂಲೆಗೆ ಬೀಳುತ್ತದೆ ಎಂಬ ದಿಗಿಲು ಅವರನ್ನು ವರ್ಷಗಟ್ಟಲೆ ಕಾಡಿತ್ತು.

ಈಗ ಅಕ್ಕನ ವಿಷಯ. ಅಕ್ಕ ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದಳು. ಅವಳು ಕಟ್ಟಿದ ಪೆಟ್ಟಿಗೆಗಳು ಕಂಡು ಕೇಳರಿಯದ ಊರುಗಳಿಗೆ ಹೋಗುತ್ತಿದ್ದವು, ಅವಳು ಮಾತ್ರ ಈ ಊರಿನ ಗಡಿ ದಾಟಲಿಲ್ಲ. ಕಾರಣ ನಮ್ಮ ಪೈಲಟ್ ಸಾಹೇಬರೇ. ಮದುವೆಯಾದ ಹೊಸತರಲ್ಲಿ ಅವಳನ್ನು ಹಳೆಯ ನಿಲ್ದಾಣದ ಬೇಲಿಯ ಹತ್ತಿರ ಕರೆದುಕೊಂಡು ಹೋಗಿ, ಮೇಲೇಳುತ್ತಿದ್ದ ವಿಮಾನ ತೋರಿಸಿ, ಒಂದಲ್ಲ ಒಂದು ದಿನ ಇದರಲ್ಲಿ ನಿನ್ನನ್ನು ನನ್ನ ಪಕ್ಕ ಕೂರಿಸಿಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದರು. ಹೊಸ ಗಂಡಂದಿರು ಇದಕ್ಕಿಂತ ದೊಡ್ಡ ಸುಳ್ಳುಗಳನ್ನೂ ಹೇಳುತ್ತಾರೆ, ಅದೇನೂ ಅಪರಾಧವಲ್ಲ. ಆದರೆ ಭಾವ ಆ ಮಾತನ್ನು ಮನೆಯ ಬಾಗಿಲಿಗೆ ಬೀಗದ ಹಾಗೆ ಬಳಸಿದರು. ಕಾರ್ಖಾನೆಯವರೆಲ್ಲ ಸೇರಿ ಸಮುದ್ರ ನೋಡಲು ರೈಲಿನಲ್ಲಿ ಹೊರಟಾಗ, ನಾವು ಹೋದರೆ ವಿಮಾನದಲ್ಲೇ ಎಂದರು. ದೊಡ್ಡಮ್ಮನ ಮಗನ ಮದುವೆಗೆ ಪಕ್ಕದ ರಾಜ್ಯಕ್ಕೆ ಹೋಗಬೇಕಾದಾಗಲೂ ಅದೇ ರಾಗ. ಅವರ ಮಗಳನ್ನು ದೂರದ ಬಂದರಿನ ಊರಿಗೆ ನರ್ಸಿಂಗ್ ಕಲಿಯಲು ಬಿಟ್ಟುಬರುವಾಗ ನಾನು ಹೋದೆ. ಅಕ್ಕ ಮನೆಯ ಬಾಗಿಲಲ್ಲಿ ನಿಂತು ಕೈ ಬೀಸಿದಳು. ಎಂದಾದರೂ ಹೋಗುತ್ತೇವಲ್ಲ, ವಿಮಾನದಲ್ಲಿ, ಎಂದು ನನಗೇ ಸಮಾಧಾನ ಹೇಳಿದಳು.

ಅಕ್ಕನಿಗೆ ಅದರಲ್ಲಿ ನಂಬಿಕೆಯಿತ್ತು, ನನಗೆ ಹೊಟ್ಟೆಯುರಿಯುತ್ತಿದ್ದದ್ದು ಅದಕ್ಕೇ. ಪಕ್ಕದ ಮನೆಯವರು ಎಲ್ಲಾದರೂ ಹೋಗಿಬಂದು ಸುದ್ದಿ ಹೇಳಿದರೆ ಮುಖ ಅರಳಿಸಿಕೊಂಡು ಕೇಳುತ್ತಿದ್ದಳು. ನಮ್ಮನೆಯವರು ವಿಮಾನದಲ್ಲೇ ಕರೆದುಕೊಂಡು ಹೋಗ್ತೀನಿ ಅಂದಿದ್ದಾರೆ ಎಂದು ಹೆಮ್ಮೆಯಿಂದ ಸೇರಿಸುತ್ತಿದ್ದಳು. ಅವರು ನನ್ನ ಕಡೆ ನೋಡಿ ನಗು ತಡೆದುಕೊಳ್ಳುತ್ತಿದ್ದರು.

ಮಗಳು ಕಲಿತು, ಆ ಬಂದರಿನ ಊರಿನ ಆಸ್ಪತ್ರೆಯಲ್ಲೇ ಕೆಲಸಕ್ಕೆ ಸೇರಿ, ಅಲ್ಲಿಯವನನ್ನೇ ಮದುವೆಯಾದಳು. ಮದುವೆ ಈ ಊರಿನಲ್ಲಿ ನಡೆದದ್ದರಿಂದ ಭಾವ ಬಚಾವಾದರು. ಆದರೆ ಬಸುರಿಯಾದ ಮಗಳು ಅಪ್ಪನ ಮಗಳಲ್ಲವೇ, ಯಾರನ್ನೂ ಕೇಳದೆ ಇಬ್ಬರ ಹೆಸರಿನಲ್ಲೂ ವಿಮಾನದ ಟಿಕೆಟ್ಟು ಮಾಡಿಸಿ ಕಳುಹಿಸಿಬಿಟ್ಟಳು. ಅಪ್ಪ ಅಮ್ಮ ಇಬ್ಬರೂ ಪಕ್ಕಪಕ್ಕದ ಸೀಟಿನಲ್ಲಿ ಕೂತು ಬರಬೇಕು, ಅಮ್ಮನಿಗೆ ಕಿಟಕಿ, ಎಂದು ಫೋನಿನಲ್ಲಿ ಕಟ್ಟಪ್ಪಣೆ. ಅಕ್ಕ ಆ ದಿನ ಕಾರ್ಖಾನೆಯಿಂದ ಬಂದವಳೇ ಕಾಲು ತೊಳೆಯುವುದನ್ನೂ ಮರೆತು ನನ್ನ ಅಂಗಡಿಗೆ ಓಡಿ ಬಂದಳು. ನಿಮ್ಮ ಭಾವನಿಗೆ ವಿಮಾನಕ್ಕೆ ಒಪ್ಪುವಂಥ ಒಂದು ಅಂಗಿ ಹೊಲಿ ಎಂದಳು. ಅವಳನ್ನು ಅಷ್ಟು ಸಂತೋಷದಲ್ಲಿ ನಾನು ನೋಡಿದ್ದೇ ಇಲ್ಲ. ತಿಳಿನೀಲಿಯ ಬಟ್ಟೆ ತೆಗೆದು, ಕಾಲರಿಗೆ ಒಳ್ಳೆಯ ಗಟ್ಟಿ ಕ್ಯಾನ್ವಾಸು ಹಾಕಿ, ಜೀವಮಾನದಲ್ಲೇ ಚೆನ್ನಾದ ಅಂಗಿಯೊಂದನ್ನು ಹೊಲಿದೆ. ಭಾವ ಅಳತೆಗೆ ಬಂದಾಗ ಒಂದೂ ಮಾತಾಡಲಿಲ್ಲ. ಪೈಲಟ್ ಭಾವ ಮಾತಾಡದೆ ನಿಂತಿದ್ದಾರೆ ಎಂದರೆ ಅನುಮಾನ ಬರಬೇಕಿತ್ತು. ನನ್ನ ದಡ್ಡತನ, ಸಂತೋಷಕ್ಕೆ ಗಂಟಲು ಕಟ್ಟಿದೆ ಎಂದುಕೊಂಡೆ.

ನಿಲ್ದಾಣಕ್ಕೆ ಹೇಗೆ ಹೋಗುವುದು ಎಂಬ ಪ್ರಶ್ನೆ ಬಂದಾಗ ಅಕ್ಕ ಹೊಸ ರೈಲಿನಲ್ಲಿ ಹೋಗೋಣ ಎಂದಳು. ಭಾವನಿಗೆ ಒಮ್ಮೆಲೇ ಮಾತು ಮರಳಿ ಬಂತು. ಗೋಡೆಯಾಚೆ ಇಳಿಸುವ ಆ ರೈಲಿನಲ್ಲಿ ಮರ್ಯಾದಸ್ಥರು ಹೋಗುವುದುಂಟೇ ಎಂದು ಕೂಗಾಡಿದರು. ಆ ದಿನ ಬೆಳಿಗ್ಗೆ ನನ್ನ ಡ್ಯೂಟಿಯೇ ಇದೆ, ನನ್ನ ಬಸ್ಸಿನಲ್ಲೇ ಹೆಂಡತಿಯನ್ನು ರಾಣಿಯ ಹಾಗೆ ಕರೆದೊಯ್ಯುತ್ತೇನೆ, ಅಲ್ಲಿ ಬದಲಿ ಡ್ರೈವರಿಗೆ ಬಂಡಿ ಒಪ್ಪಿಸಿ, ಅಂಗಿ ಬದಲಿಸಿ, ನೇರವಾಗಿ ವಿಮಾನ ಹತ್ತುವುದು ಎಂದು ತೀರ್ಮಾನ ಹೇಳಿದರು. ಆ ಬಸ್ಸಿನವರಲ್ಲಿ ಒಂದು ಕಟ್ಟುಪಾಡಿದೆ. ಬದಲಿ ಡ್ರೈವರ್ ಬಂದು ಕೈಯಿಂದ ಕೈಗೆ ಕೀ ತೆಗೆದುಕೊಳ್ಳುವವರೆಗೆ ಡ್ರೈವರ್ ಬಂಡಿ ಬಿಟ್ಟು ಕದಲುವಂತಿಲ್ಲ. ಭಾವ ಆ ಕಟ್ಟುಪಾಡನ್ನು ಎಷ್ಟು ಭಕ್ತಿಯಿಂದ ಪಾಲಿಸುತ್ತಿದ್ದರೆಂದರೆ, ಬದಲಿಯವನು ತಡವಾದ ದಿನ ಬಚ್ಚಲಿಗೂ ಹೋಗುತ್ತಿರಲಿಲ್ಲ.

ಆ ದಿನ ನಾನೂ ಅವರನ್ನು ಕಳುಹಿಸಿಬರಲು ಬಸ್ಸು ಹತ್ತಿದೆ. ಅಕ್ಕ ಡ್ರೈವರಿನ ಹಿಂದಿನ ಸೀಟಿನಲ್ಲಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯಿಂದ ಕಂಬಗಳನ್ನು ನೋಡುತ್ತಾ ಕೂತಿದ್ದಳು. ಭಾವ ಅಂದು ಪ್ರಕಟಣೆ ಕೊಡಲಿಲ್ಲ. ದಿನಾ ಬರುವ ಒಬ್ಬ ಪ್ರಯಾಣಿಕ, ಪೈಲಟ್‌ಗೆ ಹುಷಾರಿಲ್ಲವಾ ಎಂದು ವಿಚಾರಿಸಿದ.

ನಿಲ್ದಾಣದ ಮುಂದೆ ಎಲ್ಲರೂ ಇಳಿದರು. ಪೆಟ್ಟಿಗೆಗಳು ಹೊರಬಂದವು. ಬದಲಿ ಡ್ರೈವರ್ ಇಲ್ಲ. ಭಾವ ಸ್ಟೇರಿಂಗ್ ಮುಂದೆಯೇ ಕೂತು, ಅಕ್ಕನ ಮುಖ ನೋಡದೆ ಹೇಳಿದರು: "ಬದಲಿಯವನು ಬಂದಿಲ್ಲ. ಬಂಡಿ ಬಿಟ್ಟು ಬರೋ ಹಾಗಿಲ್ಲ. ನೀನು ಒಳಗೆ ಹೋಗ್ತಿರು, ಹಿಂದೇನೇ ಬಂದೆ."

ಅಕ್ಕ ಹೋದಳು. ಟಿಕೆಟ್ಟಿಲ್ಲದ ನನ್ನನ್ನು ಬಾಗಿಲಲ್ಲೇ ತಡೆದರು. ಗಾಜಿನ ಆಚೆ ಅವಳು ಪೆಟ್ಟಿಗೆ ಒಪ್ಪಿಸುವ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗಲೆಲ್ಲ ಹಿಂದಿನವರನ್ನು ಮುಂದೆ ಬಿಡುವುದು ಕಾಣುತ್ತಿತ್ತು. ನಾನು ಬಸ್ಸಿಗೂ ಬಾಗಿಲಿಗೂ ಓಡಾಡಿ ಬೆವರಿಳಿಸಿದೆ. ಕೀಯನ್ನು ನನ್ನ ಕೈಗೆ ಕೊಡಿ, ಬಸ್ಸನ್ನು ನಾನು ಕಾಯುತ್ತೇನೆ ಎಂದೆ. ಭಾವ ನನಗೆ ನಿಯಮ ಓದಿದರು. ಹೆಂಡತಿಗಿಂತ ಬಸ್ಸು ದೊಡ್ಡದಾಯಿತೇ ಎಂದು ಬೈದೆ, ಅದಕ್ಕೂ ನಿಯಮವೇ ಉತ್ತರ. ಕೊನೆಗೆ ಒಬ್ಬಳು ಸಿಬ್ಬಂದಿ ಅಕ್ಕನ ಹತ್ತಿರ ಬಂದು ಏನೋ ಹೇಳಿದಳು. ಅಕ್ಕ ಒಮ್ಮೆ ತಿರುಗಿ ಬಾಗಿಲಿನತ್ತ ನೋಡಿ, ಒಳಗೆ ನಡೆದುಬಿಟ್ಟಳು. ನೀಲಿ ಅಂಗಿ ಮಡಿಕೆ ಬಿಚ್ಚದೆ ಡ್ರೈವರಿನ ಸೀಟಿನ ಹಿಂದೆ ಚೀಲದಲ್ಲೇ ಇತ್ತು.

ವಾಪಸು ಬರುವಾಗ ನಾನು ಭಾವನ ಮೇಲಿನ ಸಿಟ್ಟಿನಿಂದ ಹಿಂದಿನ ಸೀಟಿಗೆ ಹೋಗಿ ಕೂತೆ. ನಿಲ್ದಾಣದ ಹೊರಗೆ ಸಿಬ್ಬಂದಿ ವಸತಿಯ ಹತ್ತಿರ ಬಸ್ಸು ನಿಂತಿತು. ಹತ್ತಿದವನು ಬದಲಿ ಡ್ರೈವರೇ! ಚೆನ್ನಾಗಿ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪೇಟೆಗೆ ಸಿನಿಮಾ ನೋಡಲು ಹೊರಟಿದ್ದ. ನನ್ನ ಪಕ್ಕದಲ್ಲೇ ಬಂದು ಕೂತ. ಇವನ ಕುತ್ತಿಗೆ ಹಿಡಿಯಲೋ ಎಂದು ನಾನು ಯೋಚಿಸುತ್ತಿರುವಾಗ ಅವನೇ ನಗುತ್ತಾ ಬಾಯಿ ಬಿಟ್ಟ.

"ನಿಮ್ಮ ಭಾವ ದೇವರಂಥ ಮನುಷ್ಯ ಸಾರ್. ನಿನ್ನೆನೇ ಹೇಳಿದ್ರು, ನಾಳೆ ನೀನು ಬರ್ಬೇಡಪ್ಪ, ಬಂಡಿ ನಾನೇ ವಾಪಸ್ ತರ್ತೀನಿ ಅಂತ. ನಾನು ಕೇಳದೇನೇ ರಜ ಕೊಟ್ರು."

ನಾನು ಮುಂದೆ ನೋಡಿದೆ. ಭಾವ ನೇರವಾಗಿ ರಸ್ತೆ ನೋಡಿಕೊಂಡು ಬಸ್ಸು ಓಡಿಸುತ್ತಿದ್ದರು. ಯಾವ ಹಳ್ಳಕ್ಕೂ ಬೀಳದೆ, ಒಮ್ಮೆಯೂ ಬ್ರೇಕನ್ನು ಗಕ್ಕನೆ ಒತ್ತದೆ, ಎಂದಿಗಿಂತ ಚೆನ್ನಾಗಿ ಓಡಿಸುತ್ತಿದ್ದರು.

ಡಿಪೋದಲ್ಲಿ ಭಾವನನ್ನು ಹಿಡಿದುಕೊಂಡೆ. ಬಸ್ಸಿನ ಗಾಜು ಒರೆಸುವ ನೆಪದಲ್ಲಿ ನನಗೆ ಬೆನ್ನು ಹಾಕಿ ನಿಂತಿದ್ದರು. ಅಕ್ಕ ಮಾಡಿದ ತಪ್ಪೇನು ಹೇಳಿ ಎಂದು ಕೇಳಿದೆ. ಒರೆಸಿದ ಗಾಜನ್ನೇ ಮತ್ತೊಮ್ಮೆ ಒರೆಸಿದರು. ಆಮೇಲೆ, "ಭಯ ಕಣಪ್ಪ" ಎಂದರು. "ನೆಲ ಬಿಟ್ಟು ಏಳೋದು ನೋಡಿದ್ರೇ ನನಗೆ ಹೊಟ್ಟೆ ಕಿವುಚುತ್ತೆ. ಅವತ್ತು ಬೇಲಿ ಹತ್ರ ಮಾತು ಕೊಟ್ನಲ್ಲ, ಅವಾಗ್ಲೂ ಕಾಲು ನಡುಗ್ತಿತ್ತು."

ಇಷ್ಟು ವರ್ಷ ಕನ್ನಡಕ, ಪಟ್ಟಿಯ ಅಂಗಿ, ಹವಾಮಾನದ ಪ್ರಕಟಣೆ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಕ್ಕನಿಗೆ ಹೇಳಬೇಡ ಎಂದು ಕೈ ಹಿಡಿದುಕೊಂಡರು. ನಾನು ಹೇಳುವುದಿಲ್ಲ, ನೀವೇ ಹೇಳಬೇಕು, ಹೇಳದಿದ್ದರೆ ನನ್ನ ಅಂಗಡಿಯ ಮೆಟ್ಟಿಲು ಹತ್ತಬೇಡಿ ಎಂದೆ. ಫೋನಿನಲ್ಲಿ ಹೇಳುವ ಮಾತಲ್ಲ, ಅವಳು ಬರಲಿ ಎಂದರು. ಮುಂದೂಡುವುದರಲ್ಲಿ ನಮ್ಮ ಭಾವ ರೈಲು ಇಲಾಖೆಯವರಿಗೂ ಪಾಠ ಹೇಳಬಲ್ಲರು.

ಮೊಮ್ಮಗ ಹುಟ್ಟಿದ. ಅಕ್ಕ ಮಗಳ ಬಾಣಂತನ ಮುಗಿಸಿ ಹೊರಟಳು. ಬರುವ ದಿನ ಭಾವ ನೀಲಿ ಅಂಗಿ ತೊಟ್ಟು, ಬಸ್ಸನ್ನು ತಾವೇ ತೊಳೆದು, ಅವಳಿಗಾಗಿ ತಮ್ಮ ಹಿಂದಿನ ಸೀಟಿನ ಮೇಲೆ ಟವೆಲು ಹಾಸಿದರು. ದಾರಿಯುದ್ದಕ್ಕೂ ಹೇಗೆ ಹೇಳಲಿ ಎಂದು ನನ್ನನ್ನೇ ಕೇಳಿದರು. ನಿಲ್ದಾಣದಲ್ಲಿ ವಿಮಾನ ಇಳಿಯಿತು, ಜನ ಬಂದರು, ಬಸ್ಸು ತುಂಬಿತು, ಟವೆಲಿನ ಮೇಲೆ ಯಾರನ್ನೂ ಕೂರಗೊಡದೆ ಭಾವ ಜಗಳವಾಡಿದರು. ಅಕ್ಕ ಬರಲಿಲ್ಲ. ಹೊರಡುವ ವೇಳೆ ಮೀರಿ ಪ್ರಯಾಣಿಕರು ಗೊಣಗಲು ಶುರುಮಾಡಿದಾಗ ನಾನು ಫೋನು ಮಾಡಿದೆ. ಅಕ್ಕ, ವಿಮಾನ ಇಳಿದವಳೇ ಹೊಸ ರೈಲಿನಲ್ಲಿ ಬಂದೆ, ಮನೆ ಮುಟ್ಟುತ್ತಿದ್ದೇನೆ, ಆ ಪುಟ್ಟ ಬಸ್ಸೂ ಚೆನ್ನಾಗಿಯೇ ಇದೆ ಎಂದಳು. ಭಾವ ಗೇರು ಹಾಕಿದರು.

ನಾವು ಮನೆಗೆ ಹೋದಾಗ ಅವಳು ಸ್ನಾನ ಮಾಡಿ, ಚಹಾ ಕುಡಿದು, ಪೆಟ್ಟಿಗೆಯಿಂದ ಬಟ್ಟೆ ತೆಗೆದು ಮಡಿಸುತ್ತಿದ್ದಳು. ಮೊಮ್ಮಗನ ಫೋಟೋ ತೋರಿಸಿದಳು. ಮೂಗು ತಾತನದೇ ಎಂದಳು. ಹೋದ ದಿನದ ಬಗ್ಗೆ ಭಾವ ತಾವಾಗಿ ಕೇಳಲಿಲ್ಲ, ಅವಳಾಗಿಯೇ ಹೇಳಿದಳು. ಪಕ್ಕದ ಸೀಟು ಖಾಲಿಯಿದೆಯಲ್ಲ, ಹಿಂದಿನ ಸೀಟಿನ ಅಜ್ಜಿಯನ್ನು ಅಲ್ಲಿ ಕೂರಿಸಲೇ ಎಂದು ವಿಮಾನದ ಹುಡುಗಿ ಕೇಳಿದಳಂತೆ. ನಮ್ಮನೆಯವರು ಬರ್ತಾರೆ ಎಂದು ಇವಳು ಹೇಳಿದಳಂತೆ. ಬಾಗಿಲು ಹಾಕಿದ ಮೇಲೂ ಆ ಸೀಟಿನ ಮೇಲಿಂದ ಕೈ ತೆಗೆದಿರಲಿಲ್ಲವಂತೆ. ಇದನ್ನೆಲ್ಲ ಹೇಳುವಾಗ ಅವಳ ಕೈ ಮಡಿಸುವುದನ್ನು ನಿಲ್ಲಿಸಲಿಲ್ಲ. ನಾನು ಭಾವನನ್ನು ದುರುಗುಟ್ಟಿ ನೋಡಿದೆ.

ಭಾವ ನೆಲ ನೋಡಿಕೊಂಡು ಹೇಳಿಬಿಟ್ಟರು. ಬದಲಿಯವನಿಗೆ ಬರಬೇಡ ಎಂದದ್ದು, ಬೇಲಿಯ ಹತ್ತಿರ ಕಾಲು ನಡುಗಿದ್ದು, ಯಾವುದನ್ನೂ ಬಿಡಲಿಲ್ಲ. ಅವರ ಜೀವಮಾನದಲ್ಲಿ ಅಷ್ಟು ಚಿಕ್ಕ ದನಿಯ ಪ್ರಕಟಣೆ ಅದೊಂದೇ. ನಾನು ಅಕ್ಕ ಕೂಗಾಡುತ್ತಾಳೆ ಎಂದುಕೊಂಡಿದ್ದೆ, ಕೂಗಾಡಲಿ ಎಂದೇ ಕಾಯುತ್ತಿದ್ದೆ.

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ಗಂಡನನ್ನು ನೋಡಿದಳು. "ಹೇಳಿದ್ದಿದ್ರೆ ರೈಲಲ್ಲಿ ಹೋಗ್ತಿದ್ವಲ್ಲ ರೀ" ಎಂದಳು. "ಇಷ್ಟು ವರ್ಷ. ಇಬ್ಬರೂ."

ಭಾವನ ಕಣ್ಣು ತುಂಬಿಕೊಂಡಿತು. ಭಾವ ಎರಡು ಹೆಜ್ಜೆ ಮುಂದೆ ಬಂದು, ಈಗೇನಾಯಿತು, ಮೊಮ್ಮಗನ ಹುಟ್ಟುಹಬ್ಬಕ್ಕೆ ಹೋಗೋಣ, ರೈಲಿನಲ್ಲಿ, ನಾಳೆಯೇ ಟಿಕೆಟ್ಟು ಮಾಡಿಸುತ್ತೇನೆ, ಕಿಟಕಿ ನಿನಗೇ ಎಂದು ಒಂದೇ ಉಸಿರಿಗೆ ಮಾತು ಕೊಟ್ಟರು. ಈ ಸಲ ನಿಜವಾಗಿಯೂ ಕೊಟ್ಟರು, ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಅಕ್ಕ ಮಡಿಸಿದ ಬಟ್ಟೆಗಳನ್ನು ಎತ್ತಿಕೊಂಡು ಎದ್ದಳು.

"ನೀವು ರೈಲಲ್ಲಿ ಬನ್ನಿ" ಎಂದಳು. "ನಾನು ವಿಮಾನದಲ್ಲೇ ಹೋಗ್ತೀನಿ. ಮೋಡದ ಮೇಲೆ ಬಿಸಿಲು ಬಿದ್ದಿತ್ತು ರೀ. ನನಗೆ ಅದು ತುಂಬಾ ಹಿಡಿಸ್ತು."